ಮೌನಪ್ಪನ ಮನಿಗೆ ತಿಂಗಳ ಸಂತಿ ಬಂದದ್ದು

ನಮ್ಮ ಓಣಿಯಲ್ಲಿ ಯಾರ ಮನೆಗೂ ಒಂದೇ ದಿನ ಒಂದು ಚೀಲ ಜೋಳ ಬರುವುದಿಲ್ಲ. ಬಂದರೆ ಎರಡೇ ಕಾರಣ. ಆ ಮನೆಯಲ್ಲಿ ಮದುವೆ ಇರಬೇಕು, ಇಲ್ಲವೆ ಬಂಡಿಯವನು ದಾರಿ ತಪ್ಪಿರಬೇಕು. ಇದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ. ಆದರೆ ರಾಯಚೂರಿನ ಕಾಳಿನ ಪೇಟೆ ಗಂಜಿನಿಂದ ನಮ್ಮ ಓಣಿಯ ಬೇವಿನ ಗಿಡದ ತನಕ ಎಲ್ಲರಿಗೂ ಗೊತ್ತು. ಎಪ್ಪತ್ತಾರನೇ ಇಸವಿಯ ಏಪ್ರಿಲ್ ಒಂದನೇ ತಾರೀಖು ಇದನ್ನು ಮರೆತವನು ಮೌನಪ್ಪ ಒಬ್ಬನೇ.

ಮೌನಪ್ಪ ಒಂದು ಸರ್ಕಾರಿ ಕಚೇರಿಯಲ್ಲಿ ಜವಾನ. ಈ ಮೇಜಿನ ಫೈಲು ಆ ಮೇಜಿಗೆ, ಆ ಮೇಜಿನದು ಈ ಮೇಜಿಗೆ ಇಡುತ್ತ ಹದಿನಾಲ್ಕು ವರ್ಷ ಕಳೆದಿದ್ದ. ಫೈಲು ಹೊತ್ತವನ ಮೈಗೆ ಅದರೊಳಗಿನ ಆಡಳಿತ ತಾನಾಗಿಯೇ ಹತ್ತಿಕೊಳ್ಳುತ್ತದೆ ಎಂಬುದು ಅವನ ನಂಬಿಕೆ. ಮನೆಯಲ್ಲಿ ಮೂರೇ ಜನ. ಅವನು, ಹೆಂಡತಿ ತಿಮ್ಮವ್ವ, ಮತ್ತು ಅಜ್ಜಿಯ ಹೆಸರು ಹೊತ್ತು ನಾಲ್ಕನೇ ಕ್ಲಾಸಿಗೆ ಹೋಗುತ್ತಿದ್ದ ಒಂಬತ್ತು ವರ್ಷದ ಮಗಳು ಮುದುಕಮ್ಮ.

ಓಣಿಯ ಹೊಟ್ಟೆ ನಡೆಯುತ್ತಿದ್ದದ್ದು ಹಂಪಣ್ಣನ ಕಿರಾಣಿ ಅಂಗಡಿಯಿಂದ. ಬೆಳಿಗ್ಗೆ ಒಂದು ಪಾವು ಬ್ಯಾಳಿ, ಸಂಜೆ ಒಂದು ಚಟಾಕು ಎಣ್ಣಿ. ಎಣ್ಣೆಗೆ ಮನೆಗೊಂದು ಬಾಟ್ಲಿ, ಅದರ ಕೊರಳಿಗೊಂದು ದಾರ. ಬಾಟ್ಲಿ ತಂದವರ ಮುಖ ನೋಡದೆ ದಾರದ ಬಣ್ಣ ನೋಡಿಯೇ ಹಂಪಣ್ಣ ಇದು ಯಾರ ಮನೆಯದೆಂದು ಹೇಳುತ್ತಿದ್ದ. ಚಟಾಕಿನ ಮೇಲೆ ಎರಡು ಹನಿ ಹೆಚ್ಚು ಬಿದ್ದರೆ ಕೊಳವೆಯ ಬಾಯಿಗೆ ಬೆರಳಿಟ್ಟು ವಾಪಸು ಎಳೆದುಕೊಳ್ಳುತ್ತಿದ್ದ. ಅಷ್ಟು ಶಿಸ್ತಿನ ಮನುಷ್ಯ.

ತಪ್ಪು ಮೊದಲಾದದ್ದು ನಮ್ಮಿಂದಲೇ. ಪ್ರತಿ ಭಾನುವಾರ ಸಾಲಿಯ ಪಡಸಾಲೆಯಲ್ಲಿ ಮೌನಪ್ಪನೂ ಸೇರಿ ನಾವು ಏಳೆಂಟು ಜನ ಕೂಡಿ ಓದುತ್ತಿದ್ದೆವು. ಒಬ್ಬರು ಓದುವುದು, ಉಳಿದವರು ಸಿಟ್ಟಾಗುವುದು. ಆ ಭಾನುವಾರ ಓದಿದ್ದು ಒಂದು ಹಾಳೆಯ ಲೇಖನ: ಚಟಾಕು ಚಟಾಕಾಗಿ ಕೊಳ್ಳುವ ಬಡವ, ಡಬ್ಬಿಗಟ್ಟಲೆ ಕೊಳ್ಳುವ ಸಾಹುಕಾರನಿಗಿಂತ ಅದೇ ಎಣ್ಣೆಗೆ ಹೆಚ್ಚು ಬೆಲೆ ಕೊಡುತ್ತಾನೆ, ಹಸಿವಿನ ಮೇಲೂ ಒಂದು ತೆರಿಗೆ ಇದೆ, ಅದನ್ನು ಹಸಿದವನೇ ಕಟ್ಟುತ್ತಾನೆ. ಮಾತು ನೂರಕ್ಕೆ ನೂರು ಖರೆ. ನಾವೆಲ್ಲ ಪದ್ಧತಿಯಂತೆ ಸಿಟ್ಟಾದೆವು, ಚಾ ಕುಡಿದೆವು, ಮನೆಗೆ ಹೋದೆವು. ಮೌನಪ್ಪ ಮಾತ್ರ ಸಿಟ್ಟನ್ನು ಮನೆತನಕ ಒಯ್ದ.

"ಹದಿನಾಲ್ಕು ವರ್ಷದಿಂದ ಪಗಾರ ನಿನ್ನ ಕೈಯಾಗ ಕೊಡಾಕತ್ತೀನಿ," ಅಂದ ಹೆಂಡತಿಗೆ. "ಇಪ್ಪತ್ತನೇ ತಾರೀಖಿಗೆ ಡಬ್ಬಿ ಬಡದ್ರ ಟಣ್ ಅಂತದ. ಇದು ಆಡಳಿತ ಏನು?"

"ಟಣ್ ಅಂದ ದಿನ ನಿಮ್ಮ ಗಂಗಾಳದಾಗ ರೊಟ್ಟಿ ಇರಲಿಲ್ಲೇನು, ಹೇಳ್ರಿ."

ಮೌನಪ್ಪ ಪೆನ್ಸಿಲ್ ತೆಗೆದ. ಕಚೇರಿಯಿಂದ ತಂದ ಉದ್ದ ನೋಟುಬುಕ್ಕಿನಲ್ಲಿ ಮೂರು ಗೆರೆ ಹೊಡೆದು ಬಂದದ್ದು, ಹೋದದ್ದು, ಉಳಿದದ್ದು ಎಂದು ಬರೆದ. ಷರತ್ತು ಹೇಳಿದ. "ಈ ತಿಂಗಳ ಸಂತಿ ಪೂರಾ ಒಮ್ಮಿಗೇ ನಾ ತರತೀನಿ. ಮೂವತ್ತನೇ ತಾರೀಖಿನ ತನಕ ಒಲಿ ಹತ್ತಿತಂದ್ರ ಇನ್ನ ಮ್ಯಾಲ ಪಗಾರ ನನ್ನ ಕೈಯಾಗ. ನಡುವ ಒಲಿ ಆರಿತಂದ್ರ ನಾ ಸಾಯೋತನಕ ನಿನ್ನ ಕೈಯಾಗ. ಆದ್ರ ತಿಂಗಳು ಮುಗಿಯೋತನಕ ನೀ ಇದರ ಬಗ್ಗೆ ಯಾರ ಮುಂದೂ ಬಾಯಿ ಬಿಡಂಗಿಲ್ಲ."

"ಕೆಮ್ಮಬಹುದೇನ್ರಿ?"

"ಕೆಮ್ಮಂಗೂ ಇಲ್ಲ."

ಒಂದನೇ ತಾರೀಖು ಪಗಾರ ಇನ್ನೂರಾ ಹನ್ನೆರಡು ರೂಪಾಯಿ ಕೈಗೆ ಬಂತು. ಮನೆ ಬಾಡಿಗೆ ತೆಗೆದಿಟ್ಟು ಮೌನಪ್ಪ ಸೀದಾ ಗಂಜಿಗೆ ಹೋದ. ನಲವತ್ತು ಸೇರು ಜೋಳ ಕೇಳಿದರೆ ಸಗಟು ಮಾರುವ ಅಡತಿಯವನು ನಕ್ಕ. "ಇಲ್ಲಿ ಚೀಲ ಒಡದು ಕೊಡಂಗಿಲ್ಲಪ. ಒಯ್ದ್ರ ಚೀಲ ಒಯ್ಯಿ." ಮೌನಪ್ಪ ಚೀಲವನ್ನೇ ಕೊಂಡ. ಚೀಲ ಕೊಂಡವನಿಗೆ ಧೈರ್ಯ ಬರುತ್ತದೆ. ಅಕ್ಕಿ, ತೊಗರಿಬ್ಯಾಳಿ, ಎಣ್ಣಿ ಡಬ್ಬಿ, ಸಕ್ರಿ, ಚಾಪುಡಿ, ಒಂದು ಇಡೀ ಬೆಲ್ಲದ ಪೆಂಟಿ. ಇಷ್ಟೆಲ್ಲ ಒಮ್ಮೆಗೇ ಕೊಳ್ಳುವ ಜವಾನನನ್ನು ಅಡತಿಯವನು ಹುಟ್ಟಾ ನೋಡಿರಲಿಲ್ಲ. ಮದುವೆ ಸಾಮಾನಿಗೆ ಮಾಡುವಂತೆ ಅರಿಷಿಣ ಕುಂಕುಮದ ಪೊಟ್ಟಣ, ಐದು ಅಡಿಕೆ ಚೀಲದ ಮೇಲೆ ಇಟ್ಟು ಕೈ ಮುಗಿದ. ಇದು ಸಗಟು ವ್ಯಾಪಾರದ ಲಾಭವೆಂದು ತಿಳಿದ ಮೌನಪ್ಪ ನೋಟುಬುಕ್ಕಿನಲ್ಲಿ 'ಅರಿಷಿಣ: ಬಿಟ್ಟಿ' ಎಂದು ಬರೆದುಕೊಂಡ.

ಸಾಮಾನು ಹೇರಿದ್ದು ಅಮೀರ್ ಸಾಬನ ತಳ್ಳುಬಂಡಿಯ ಮೇಲೆ. ತೀನ್ ಕಂದೀಲು ಚೌಕದ ಹತ್ತಿರ ಎತ್ತಿನ ಗಾಡಿ, ಟಾಂಗಾ, ಸೈಕಲ್ಲು ಎಲ್ಲ ಹೆಣೆದುಕೊಂಡು ನಿಂತಿದ್ದವು. ಅಮೀರ್ ಸಾಬ್ ಅರಿಷಿಣದ ಪೊಟ್ಟಣ ನೋಡಿದ, ಬಿಸಿಲು ನೋಡಿದ, ಒದರಿದ: "ಜಾಗಾ ಬಿಡ್ರೀ! ಶಾದಿ ಸಾಮಾನ್! ಮದುವಿ ಸಾಮಾನ್ರೀ!"

ಟಾಂಗಾದವನು ಕುದುರೆಯನ್ನು ಹಿಂದೆ ಸರಿಸಿದ. ಸೈಕಲ್ಲಿನವನು ಇಳಿದು ನಿಂತ. ಹಿಂದೆ ಛತ್ರಿ ಹಿಡಿದು ಬರುತ್ತಿದ್ದ ಮೌನಪ್ಪನಿಗೆ ಇದು ಸುಳ್ಳೆಂದು ಗೊತ್ತಿತ್ತು, ದಾರಿ ಬಿಟ್ಟದ್ದೂ ಗೊತ್ತಿತ್ತು. ಅವನು ಸುಮ್ಮನೆ ನಡೆದ.

ಅದೇ ಕೂಗಿನೊಂದಿಗೆ ಬಂಡಿ ಓಣಿ ಹೊಕ್ಕಿತು.

ಮೊದಲು ಗೋಡೆಯ ಮೇಲೆ ಕಂಡದ್ದು ಪಕ್ಕದ ಮನೆಯ ಹಾಜಿರಾ ಬೀ. ಎರಡು ಮನೆಗೂ ನಡುವೆ ಎದೆಯೆತ್ತರದ ಒಂದೇ ಗೋಡೆ; ಹನ್ನೆರಡು ವರ್ಷದಿಂದ ಅದರ ಮೇಲೆ ಬೆಂಕಿ, ಬೆಳ್ಳುಳ್ಳಿ, ಸುದ್ದಿ ಎಲ್ಲ ದಾಟಿದ್ದವು.

"ಅರೇ ತಿಮ್ಮವ್ವಕ್ಕಾ! ಹನ್ನೆರಡು ವರ್ಷ ಗ್ವಾಡಿಗೆ ಗ್ವಾಡಿ ಹಚ್ಚಿ ಕುಂತೀವಿ, ನಿಮ್ಮನಿ ಶಾದಿ ಖಬರು ನಂಗ ಬಂಡಿಯವ ಹೇಳಬೇಕೇನ್?"

ತಿಮ್ಮವ್ವ ಬಾಯಿ ತೆರೆದಳು. ಷರತ್ತು ನೆನಪಾಯಿತು. "ಈ ತಿಂಗಳು ನಾ ಏನೂ ಹೇಳಂಗಿಲ್ಲವ್ವ. ಅವರನ್ನ ಕೇಳು."

ಹಾಜಿರಾ ಬೀ ಮೌನಪ್ಪನನ್ನು ಕೇಳಿದಳು. ಯೋಜನೆ ಗೆದ್ದ ಮೇಲೆ ಭಾನುವಾರದ ಕೂಟದಲ್ಲಿ ಎದ್ದುನಿಂತು ಹೇಳಬೇಕೆಂಬ ಆಸೆ ಅವನದು. ಮೀಸೆಯ ಕೆಳಗೆ ನಕ್ಕು, "ಈಗ ಹೇಳಿದ್ರ ಕೆಡತದ. ತಿಂಗಳಾಖೈರಿಗೆ ಎಲ್ಲಾರಿಗೂ ತಿಳಸ್ತೀನಿ," ಅಂದ.

ಗಂಡ ನಗುತ್ತಾನೆ, ಹೆಂಡತಿ ಬಾಯಿ ಬಿಡುವುದಿಲ್ಲ, ಪಡಸಾಲೆಯಲ್ಲಿ ಒಂದು ಚೀಲ ಜೋಳ, ಮೇಲೆ ಅರಿಷಿಣ. ಓಣಿಗೆ ಇನ್ನೇನು ಬೇಕು?

ಮರುದಿನ ಬೆಳಿಗ್ಗೆ ಓಣಿಯ ಹೆಂಗಸರು ಮೊರ ಹಿಡಿದು ಬಂದರು. ಮದುವೆ ಮನೆಯ ಕಾಳು ಹಸನು ಮಾಡುವುದು ಕರೆದು ಮಾಡಿಸುವ ಕೆಲಸವಲ್ಲ, ಬಂದು ಮಾಡುವ ಕೆಲಸ. ಜೋಳ ಕೇರಿದರು, ಬ್ಯಾಳಿಯ ಕಲ್ಲು ಆರಿಸಿದರು, ಸೋಬಾನ ಹಾಡಿದರು. ಗುಟ್ಟು ಕೆಡುತ್ತದೆಂದು ಮೌನಪ್ಪ ಬೇಡವೆನ್ನಲಿಲ್ಲ. ದುಡಿದವರಿಗೆ ಚಾ, ಚುರುಮುರಿ ಕೊಡಬೇಕಾಯಿತು. ಸಂಜೆಗೆ ನೋಟುಬುಕ್ಕಿನ 'ಹೋದದ್ದು' ಎಂಬ ಸಾಲಿನಲ್ಲಿ ತಿಂಗಳ ಚಾಪುಡಿಯ ಅರ್ಧ ಕೂತಿತ್ತು.

ಕೇರುವಾಗ ಕೈ ಆಡಿದಂತೆ ತಲೆಯೂ ಆಡಿತು.

"ಮದುವಿ ಖರೆ. ಯಾರದು?" ಅಂದಳು ಎದುರು ಮನೆಯ ಕುಬ್ರಾ ಬೇಗಂ.

ಎಲ್ಲರೂ ಅಂಗಳದಲ್ಲಿ ಕುಂಟಾಬಿಲ್ಲಿ ಆಡುತ್ತಿದ್ದ ಮುದುಕಮ್ಮನ ಕಡೆ ನೋಡಿದರು. ಮುಂದಿನ ಎರಡು ಹಲ್ಲು ಈಗಷ್ಟೇ ಹೊಸದಾಗಿ ಬಂದಿದ್ದವು.

"ಛೀ, ಈಕಿದಲ್ಲ ಬಿಡು."

"ಈಕಿದಲ್ಲಂದ್ರ ಮನಿಯಾಗ ಮತ್ತ್ಯಾರದಾರ?"

ಮೊರಗಳು ಒಮ್ಮೆಲೇ ನಿಂತವು. ಮನೆಯಲ್ಲಿ ಉಳಿದವನು ಒಬ್ಬನೇ, ಅವನು ಆಗ ಕನ್ನಡಿ ಮುಂದೆ ನಿಂತು ಮೀಸೆಯ ಬಿಳಿಕೂದಲು ಕೀಳುತ್ತಿದ್ದ.

"ಯಾ ಅಲ್ಲಾ," ಅಂದಳು ಹಾಜಿರಾ ಬೀ ಮೆಲ್ಲಗೆ. "ಅದಕ್ಕ ಪಾಪ ತಿಮ್ಮವ್ವಕ್ಕಗ ಮಾತೇ ಹೊರಡವಲ್ದು."

ಮಧ್ಯಾಹ್ನ ಹಂಪಣ್ಣ ಬಂದ. ತಿಂಗಳ ಗಿರಾಕಿ ಗಂಜಿಗೆ ಹೋದದ್ದು ಅವನ ಎದೆಗೆ ನಾಟಿತ್ತು. ಅಂಗಡಿಗೆ ಬರುವವರಿಗೆಲ್ಲ ಎದೆ ಮುಟ್ಟಿಕೊಂಡು ತೋರಿಸುತ್ತಿದ್ದ. "ಎರಡನೇ ಹೆಂಡತಿ ತರಾವ ಎಣ್ಣಿಗೂ ಎರಡನೇ ಅಂಗಡಿ ನೋಡ್ಕೊಂಡಿ ಏನಲೇ?"

"ಯಾರಪ್ಪ ಹೇಳಿದ್ದು? ಇದು ಬರೇ ತಿಂಗಳ ಸಂತಿ!"

"ಜವಾನ ತಿಂಗಳ ಸಂತಿ ಒಮ್ಮಿಗೇ ತರತಾನಂತ! ನಾಳಿ ಕಚೇರಿಗೆ ಆನಿ ಮ್ಯಾಲ ಕುಂತು ಹೋಗತೀನನ್ನು, ಅದನ್ನರ ನಂಬತೀನಿ."

ಇಲ್ಲಿ ಒಂದು ಕುತೂಹಲದ ಸಂಗತಿ ಇದೆ. ಒಬ್ಬ ಜವಾನ ಎರಡನೇ ಮದುವೆ ಮಾಡಿಕೊಳ್ಳುತ್ತಾನೆಂದರೆ ಓಣಿ ನಂಬಿತು. ಅದೇ ಜವಾನ ಮೂವತ್ತು ದಿನದ ಅನ್ನ ಒಟ್ಟಿಗೆ ಕೊಂಡನೆಂದರೆ ನಂಬಲಿಲ್ಲ. ತಪ್ಪು ಓಣಿಯದಲ್ಲ. ಅದು ಮೊದಲನೆಯದನ್ನು ಕಣ್ಣಾರೆ ಕಂಡಿತ್ತು, ಎರಡನೆಯದನ್ನು ಕಂಡಿರಲಿಲ್ಲ.

ಸುದ್ದಿ ದೇವದುರ್ಗದ ಬಸ್ಸು ಹತ್ತಿತು. ನಾಲ್ಕನೇ ತಾರೀಖು ಮಸರಕಲ್ಲಿನಿಂದ ಮೌನಪ್ಪನ ಸೋದರತ್ತೆ ಬೂದೆಮ್ಮ ಎಂಟು ಜನರನ್ನು ಕಟ್ಟಿಕೊಂಡು ಬಂದಿಳಿದಳು. ಕೈಯಲ್ಲಿ ಊರುಗೋಲು, ಕಂಕುಳಲ್ಲಿ ಗಂಟು, ಬಾಯಲ್ಲಿ ಮಸರಕಲ್ಲಿನಿಂದಲೇ ಮೊದಲಾದ ಬೈಗುಳ.

"ಲೇ ಮೌನ್ಯಾ! ನಿನ್ನ ಮೊದಲನೇ ಮದುವ್ಯಾಗ ಎಣ್ಣಿ ಹಚ್ಚಿ ಎರದಾಕಿ ನಾನು. ಎರಡನೇದಕ್ಕ ನಾ ಬ್ಯಾಡಾದೆನೇನೋ?"

"ಅತ್ತಿ, ಮದುವಿ ಇಲ್ಲಬೇ!"

"ಇಲ್ಲೇನು? ಮತ್ತ ಆ ಚೀಲ ಏನು, ನಿನ್ನ ಹೆಣಕ್ಕ ತಂದೀಯೇನು?"

ಅತ್ತೆ ಬಂದದ್ದು ಬುದ್ಧಿ ಹೇಳಲಿಕ್ಕೆ. ಬುದ್ಧಿ ಹೇಳಲು ತ್ರಾಣ ಬೇಕು, ತ್ರಾಣಕ್ಕೆ ಊಟ ಬೇಕು. ಒಂಬತ್ತು ಜನ ಎರಡು ಹೊತ್ತು ಉಂಡು ಎರಡು ಹೊತ್ತೂ ಬುದ್ಧಿ ಹೇಳಿದರು. ತಿಮ್ಮವ್ವ ರೊಟ್ಟಿ ಬಡಿದೇ ಬಡಿದಳು. ಬಡಿಯುವ ಸಪ್ಪಳ ಹೊತ್ತಿನಿಂದ ಹೊತ್ತಿಗೆ ಜೋರಾಯಿತು. 'ಉಳಿದದ್ದು' ಎಂಬ ಸಾಲಿನ ಮುಂದೆ ಮೌನಪ್ಪ ಬರೆದು ಅಳಿಸಿ ಮತ್ತೆ ಬರೆದ. ಕೈಯಲ್ಲಿ ಹನ್ನೊಂದು ರೂಪಾಯಿ ಉಳಿದಿತ್ತು, ತಿಂಗಳಲ್ಲಿ ಇಪ್ಪತ್ತಾರು ದಿನ.

ಆರನೇ ತಾರೀಖು ಬೆಳಿಗ್ಗೆ ಓಣಿಯ ಬಾಯಿಗೆ ಒಂದು ಜೀಪು ಬಂದು ನಿಂತಿತು.

ಅದು ತುರ್ತು ಪರಿಸ್ಥಿತಿಯ ಕಾಲ. ದಿನಕ್ಕೊಂದು ಹುಕುಂ. ಅಕ್ರಮ ದಾಸ್ತಾನು ಹಿಡಿಯಬೇಕೆಂಬ ಹುರುಪು ಸಾಹೇಬರಿಗೆಲ್ಲ ಬಂದಿತ್ತು. ಸಾವಿರ ಚೀಲದ ಗೋದಾಮುಗಳ ಮುಂದಿನಿಂದಲೇ ಆ ಜೀಪು ಹಾದುಬಂದಿರಬೇಕು. ಬೇರೆ ದಾರಿಯೇ ಇಲ್ಲ. ಆದರೆ ಗೋದಾಮಿಗೆ ಬಾಗಿಲು ಇರುತ್ತದೆ, ಬಾಗಿಲಿಗೆ ಕೀಲಿ ಇರುತ್ತದೆ. ಮೌನಪ್ಪನ ಪಡಸಾಲೆಗೆ ಬಾಗಿಲೇ ಇರಲಿಲ್ಲ, ಹಾಗಾಗಿ ತಪಾಸಣೆಗೆ ಬಹಳ ಅನುಕೂಲ. ಗುಂಡಗಿನ ಅಕ್ಷರದ ದೂರಿನ ಅರ್ಜಿ ಯಾರು ಹಾಕಿದರೋ ನನಗೆ ಗೊತ್ತಿಲ್ಲ. ನಮ್ಮ ಓಣಿಯಲ್ಲಿ ಗುಂಡಗೆ ಅಕ್ಷರ ಬರೆಯುವವನು ಹಂಪಣ್ಣ ಎಂದಷ್ಟೇ ಹೇಳಬಲ್ಲೆ.

ತಪಾಸಣೆ ಸಾಹೇಬರು ಮೈಸೂರು ಕಡೆಯವರು. ಚೀಲಕ್ಕೆ ಬೂಟಿನಿಂದ ಮೆಲ್ಲಗೆ ಒದ್ದು ಕೇಳಿದರು. "ಏನ್ರೀ ಇದು? ಮನೆಯಲ್ಲಿ ಎಷ್ಟು ಜನ?"

"ಮೂರು ಮಂದಿರಿ."

"ಮೂರು ಜನಕ್ಕೆ ಇಷ್ಟು ಧಾನ್ಯವೇ? ದಾಸ್ತಾನು. ಮುಟ್ಟುಗೋಲು."

ಮೌನಪ್ಪ ಚೀಲಕ್ಕೆ ಅಡ್ಡ ನಿಂತ. ಚೀಲ ಹೋದರೆ ಇಪ್ಪತ್ನಾಲ್ಕು ದಿನ ಮಗಳಿಗೆ ಏನು ಹಾಕುವುದು? ನಾಲ್ಕೈದು ದಿನ ಇಲ್ಲ ಇಲ್ಲವೆಂದು ತಲೆ ಚಚ್ಚಿಕೊಂಡಿದ್ದನ್ನು ಅವನೇ ಹೇಳಿಬಿಟ್ಟ. "ದಾಸ್ತಾನು ಅಲ್ರಿ ಸಾಹೇಬ್ರ! ಮದುವಿ! ಮದುವಿ ಅದರಿ!"

"ಓಹೋ. ಯಾರದು?"

ಮೌನಪ್ಪ ಬೆರಳು ಎತ್ತಿದ. ಅದು ಮುದುಕಮ್ಮನ ಕಡೆ ಹೋಯಿತು.

"ಹೆಸರೇನಮ್ಮ?"

"ಮುದುಕಮ್ಮರಿ."

"ವಯಸ್ಸು?"

"ಒಂಬತ್ತರಿ."

ಸಾಹೇಬರು ಬರೆಯುವುದನ್ನು ನಿಲ್ಲಿಸಿದರು. "ಬಾಲ್ಯವಿವಾಹ. ಇದಕ್ಕೆ ಜೈಲಿದೆ, ಗೊತ್ತೇನ್ರೀ?"

"ಆಕಿದಲ್ರಿ! ಆಕಿದಲ್ಲೇ ಅಲ್ಲ!"

"ಮತ್ತೆ?"

ಇಷ್ಟು ಹೊತ್ತು ತಡೆದುಕೊಂಡಿದ್ದೇ ಬೂದೆಮ್ಮನ ದೊಡ್ಡತನ. ಊರುಗೋಲು ನೆಲಕ್ಕೆ ಕುಟ್ಟಿ ಎದ್ದಳು. "ಇವಂದೇ ರೀ ಸಾಹೇಬ! ಹೆಂಡತಿ ಜೀವಂತ ಒಲಿ ಮುಂದ ಕುಂತಾಳ, ಇವಗ ಎರಡನೇದು ಬೇಕಂತ! ಎರಡು ಏಟು ಹಾಕ್ರಿ!"

"ಸರ್ಕಾರಿ ನೌಕರ ಅಲ್ಲವೇ ನೀವು?" ಸಾಹೇಬರು ಹೊಸ ಹಾಳೆ ತಿರುವಿದರು. "ಒಬ್ಬ ಹೆಂಡತಿ ಇರುವಾಗ ಇನ್ನೊಬ್ಬಳು. ಹಾಗಾದರೆ ನೌಕರಿ ಹೋಯಿತು."

ಮದುವೆ ಇಲ್ಲವೆಂದರೆ ಜೋಳ ಹೋಗುತ್ತದೆ. ಮಗಳದೆಂದರೆ ಜೈಲು. ತನ್ನದೆಂದರೆ ನೌಕರಿ. ಹದಿನಾಲ್ಕು ವರ್ಷ ಫೈಲು ಹೊತ್ತ ಮೌನಪ್ಪ ಇಂಥ ಫೈಲು ಕಂಡಿರಲಿಲ್ಲ. ಕೊನೆಯ ಆಸೆಯಿಂದ ನೋಟುಬುಕ್ಕು ತಂದು ಸಾಹೇಬರ ಕೈಗಿಟ್ಟ. "ನೋಡ್ರಿ, ಎಲ್ಲಾ ಬರದಿಟ್ಟೀನಿ. ಇದು ಬರೇ ಮನಿ ಖರ್ಚಿನ ಲೆಕ್ಕರಿ."

ಸಾಹೇಬರು ಓದಿದರು. "ಬಂದದ್ದು, ಹೋದದ್ದು, ಉಳಿದದ್ದು. ಅಂದರೆ ವ್ಯಾಪಾರ. ಲೈಸೆನ್ಸ್ ಎಲ್ಲಿ?"

ಆಗ ತಿಮ್ಮವ್ವ ಕೆಮ್ಮಿದಳು.

ಮೌನಪ್ಪ ತಿರುಗಿ ನೋಡಿದ. ಅವಳು ಒಲೆಯ ಮುಂದಿನಿಂದ ಎದ್ದು, ಹಿಟ್ಟಿನ ಕೈ ಸೆರಗಿಗೆ ಒರೆಸುತ್ತ ಇನ್ನೊಮ್ಮೆ ಕೆಮ್ಮಿದಳು.

"ಮಾತಾಡ ನಮ್ಮವ್ವಾ," ಅಂದ ಮೌನಪ್ಪ. "ನಿನ್ನ ಕಾಲಿಗೆ ಬೀಳತೀನಿ, ಮಾತಾಡು."

"ಸಾಹೇಬ್ರ, ಈ ಚೀಲ ನಮ್ಮೊಬ್ಬರದಲ್ರಿ. ಓಣಿದು. ಗಂಜಿನಾಗ ಚೀಲ ಒಡದು ಕೊಡಂಗಿಲ್ಲಂತ. ಅದಕ್ಕ ಹನ್ನೆರಡು ಮನಿ ಕೂಡಿ ತರಿಸೀವಿ. ಬಂಡಿ ನಮ್ಮನಿ ಮುಂದ ನಿಂತದ, ಅಷ್ಟ."

ಕೂಡಲೇ ಗೋಡೆಯ ಮೇಲಿಂದ ಹಾಜಿರಾ ಬೀ: "ಹೌ ಸಾಬ್! ಅದ್ರಾಗ ಐದು ಸೇರು ನಂದದ!"

"ನಂದೂ ಐದು!" ಅಂದಳು ಬಾಗಿಲಲ್ಲಿ ಕುಬ್ರಾ ಬೇಗಂ. "ಬ್ಯಾಳಿ ಒಂದು ಸೇರು ಬ್ಯಾರೆ." ಹೀಗೆ ಬೇವಿನ ಗಿಡದ ತನಕ ಧ್ವನಿಗಳು ಎದ್ದವು. ಬೂದೆಮ್ಮನೂ ಹುರುಪಾಗಿ, "ನಂದೂ ನಾಕು ಸೇರರಿ" ಅನ್ನುವಷ್ಟರಲ್ಲಿ ತಿಮ್ಮವ್ವ ಒಮ್ಮೆ ನೋಡಿದಳು, ಅತ್ತೆ ಕೂತಳು.

ಸಾಹೇಬರು ಹುಬ್ಬೇರಿಸಿ, ಗುಂಪಿನಲ್ಲಿ ಹಿಂದೆ ನಿಂತವನನ್ನು ಕೇಳಿದರು. "ಏನಯ್ಯಾ, ಇದು ನಿಜವೋ?" ಅವನು ಹಂಪಣ್ಣ. ಅರ್ಜಿಯ ಅಕ್ಷರ ತನ್ನ ಹಣೆಯ ಮೇಲೆಯೇ ಕಾಣುತ್ತಿದೆಯೇನೋ ಎಂಬಂತೆ ಬೆವೆತ. ಹನ್ನೊಂದು ಮನೆಯ ಹೆಂಗಸರು, ಅಂದರೆ ಹನ್ನೊಂದು ಎಣ್ಣೆ ಬಾಟ್ಲಿಗಳು, ಅವನನ್ನೇ ನೋಡುತ್ತಿದ್ದವು.

"ಖರೆರಿ," ಅಂದ. "ಆ ಬೆಲ್ಲದ ಪೆಂಟಿ ನಂದರಿ."

"ಹಾಗಾದರೆ ನನ್ನ ಎದುರಿಗೇ ಹಂಚಿಕೊಂಡು ಹೋಗಿ," ಅಂದರು ಸಾಹೇಬರು. "ಹೆಬ್ಬೆಟ್ಟು ಒತ್ತಿ ಹೋಗಿ. ಮತ್ತೆ ಬಂದು ನೋಡುತ್ತೇನೆ, ಚೀಲ ಇಲ್ಲೇ ಕಂಡರೆ ಬಿಡುವುದಿಲ್ಲ."

ಮೊರಗಳು ಮತ್ತೆ ಬಂದವು. ಸೇರಿನಿಂದ ಅಳೆದು ಅಳೆದು ಜೋಳ ಹೊರಟಿತು, ಬ್ಯಾಳಿ ಹೊರಟಿತು, ಎಣ್ಣೆ ಹನ್ನೊಂದು ಬಾಟ್ಲಿಗಳಲ್ಲಿ ಹೊರಟಿತು. ತನ್ನ ಒಂದು ತಿಂಗಳ ಪಗಾರ ಹೊಸ್ತಿಲು ದಾಟಿ ಎಡಕ್ಕೂ ಬಲಕ್ಕೂ ಹೋಗುವುದನ್ನು ಮೌನಪ್ಪ ನಿಂತು ನೋಡಿದ. ಬರೆದುಕೊಳ್ಳೋಣವೆಂದರೆ ನೋಟುಬುಕ್ಕು ಸಾಹೇಬರ ಜೀಪಿನಲ್ಲಿತ್ತು.

ಬರಿದಾದ ಚೀಲ ನೋಡಿ ಬೂದೆಮ್ಮನ ಬುದ್ಧಿಮಾತೂ ತೀರಿತು. ಮಧ್ಯಾಹ್ನದ ದೇವದುರ್ಗದ ಬಸ್ಸಿಗೆ ಒಂಬತ್ತು ಜನವೂ ಹೊರಟರು. "ಎರಡನೇದು ಬ್ಯಾಡಲೇ ಮೌನ್ಯಾ, ಮೊದಲನೇದಕ್ಕೇ ಹಾಕಾಕ ಇಲ್ಲ ನಿನ್ನ ಹತ್ರ," ಎಂದು ಅತ್ತೆ ಕಣ್ಣೀರು ಒರೆಸಿಕೊಂಡು ಬಸ್ಸು ಹತ್ತಿದಳು.

ಉಳಿದದ್ದು ಐದು ಸೇರು. ನಾಲ್ಕು ದಿನಕ್ಕೆ ಅದೂ ತೀರಿತು. ಐದನೇ ದಿನ ಬೆಳಿಗ್ಗೆ ಮೌನಪ್ಪ ಬರಿದಾದ ಗಡಿಗೆಯ ಮುಂದೆ ಕೂತು, "ಹೆಬ್ಬೆಟ್ಟು ಒತ್ಯಾರ, ಕಾನೂನು ಪ್ರಕಾರ ಇನ್ನ ಅದು ಅವರದೇ," ಎಂದು ತನಗೇ ಹೇಳಿಕೊಳ್ಳುತ್ತಿದ್ದ. ಗೋಡೆಯ ಮೇಲೆ ಠಕ್ಕೆಂದಿತು. ಒಂದೂವರೆ ಸೇರು ಜೋಳದ ಬುಟ್ಟಿ, ಅದರ ಹಿಂದೆ ಹಾಜಿರಾ ಬೀ.

"ಇವತ್ತು ನನ್ನ ಪಾಳಿ. ನಾಳಿಗೆ ಕುಬ್ರಾಂದು. ಒಮ್ಮಿಗೇ ಕೊಟ್ರ ಆ ಸಾಬ್ ಮತ್ತ ಬರತಾನ, ಇಲ್ಲಂದ್ರ ನಿಮ್ಮ ಅತ್ತಿ ಬರತಾಳ."

ಯಾರೂ ಗೆರೆ ಹೊಡೆದಿರಲಿಲ್ಲ, ಯಾರೂ ಪೆನ್ಸಿಲ್ ಹಿಡಿದಿರಲಿಲ್ಲ. ಆದರೂ ಪಾಳಿ ಒಂದು ದಿನ ತಪ್ಪಲಿಲ್ಲ. ಇದು ಹ್ಯಾಂಗ ನಡೆಯಿತೆಂದು ನಾನು ಆಮೇಲೆ ಬಹಳ ಸಲ ಕೇಳಿದ್ದೇನೆ, ಹೆಂಗಸರು ನಗುತ್ತಾರೆ. ಒಂದು ಚೂರೂ ವಾಪಸು ಬಾರದೆ ಉಳಿದದ್ದು ಬೆಲ್ಲದ ಪೆಂಟಿ ಒಂದೇ. ಅದನ್ನು ತಿಮ್ಮವ್ವ ಹಂಪಣ್ಣನ ಅಂಗಡಿಯಿಂದ ಚಟಾಕು ಚಟಾಕಾಗಿ ದುಡ್ಡು ಕೊಟ್ಟೇ ತಂದಳು.

ಮೂವತ್ತನೇ ತಾರೀಖು ಸಂಜೆ ಒಲೆ ಉರಿಯುತ್ತಿತ್ತು. ಮೌನಪ್ಪ ಎದೆ ಸೆಟೆಸಿದ. "ನೋಡಿದ್ಯಾ? ತಿಂಗಳು ಪೂರಾ ಬಂತು. ಗೆದ್ದೆ."

"ಗೆದ್ರಿ," ಅಂದಳು ತಿಮ್ಮವ್ವ. "ಇನ್ನ ಮ್ಯಾಲ ಪಗಾರ ನಿಮ್ಮ ಕೈಯಾಗೇ ಇರಲಿ."

ಪಗಾರ ಬಂದ ದಿನ ಅದನ್ನು ಕಿಸೆಯಲ್ಲಿಟ್ಟು ಮೌನಪ್ಪ ಮನೆಗೆ ಬಂದರೆ ಪಡಸಾಲೆ ತುಂಬ ಹೆಂಗಸರು. ಒಬ್ಬೊಬ್ಬರಾಗಿ ಸೆರಗಿನ ಗಂಟು ಬಿಚ್ಚಿ ತಿಮ್ಮವ್ವನ ಮಡಿಲಿಗೆ ನೋಟು, ಚಿಲ್ಲರೆ ಹಾಕುತ್ತಿದ್ದರು. ಈ ಸಲ ಓಣಿಗೇ ಎರಡು ಚೀಲ, ಸಗಟು ರೇಟಿಗೆ.

"ಹನ್ನೊಂದು ಮನಿದು ಬಂತು," ಅಂದಳು ತಿಮ್ಮವ್ವ ಮಡಿಲು ಅಗಲಿಸಿ. "ನಿಮ್ಮ ಪಾಲು ಹಾಕ್ರಿ."

ಹನ್ನೊಂದು ಜನರ ಎದುರಿಗೆ ಮೌನಪ್ಪ ಹಾಕಿದ. ಬಂಡಿಯ ಹಿಂದೆ ಹೋಗುವ ಕೆಲಸವನ್ನು ಓಣಿ ಅವನಿಗೇ ಕೊಟ್ಟಿತು, ಅನುಭವಸ್ಥನೆಂದು.

ಈ ಸಲ ಅವನು ತಪ್ಪು ಮಾಡಲಿಲ್ಲ. ಅರಿಷಿಣದ ಪೊಟ್ಟಣ ಅಡತಿಯವನಿಗೆ ವಾಪಸು ಕೊಟ್ಟ. ಬಂಡಿಯ ಮುಂದೆ ತಾನೇ ನಿಂತು, ಕೇಳಿದವರಿಗೂ ಕೇಳದವರಿಗೂ, "ಮದುವಿ ಅಲ್ರಪ್ಪೋ, ಜ್ವಾಳ! ದಾರಿ ಬಿಡ್ರಿ, ಜ್ವಾಳ!" ಎಂದು ಒದರುತ್ತ ನಡೆದ. ತೀನ್ ಕಂದೀಲಿನಲ್ಲಿ ಟಾಂಗಾದವನು ಒಮ್ಮೆ ತಿರುಗಿ ನೋಡಿ ಬೀಡಿ ಹಚ್ಚಿದ. ಸೈಕಲ್ಲಿನವನು ಗಂಟೆ ಬಾರಿಸಿದ. ಎತ್ತುಗಳು ಮೆಲುಕು ಹಾಕಿದವು. ಜೋಳಕ್ಕೆ ಯಾರೂ ಒಂದು ಗೇಣು ಸರಿಯಲಿಲ್ಲ. ಒಂದು ತಾಸು ಬಿಸಿಲು ನೆತ್ತಿಯ ಮೇಲೆ ಕೂತಿತು.

ಅಮೀರ್ ಸಾಬ್ ಬೆವರು ಒರೆಸಿ ಮೌನಪ್ಪನ ಮುಖ ನೋಡಿದ. ಮೌನಪ್ಪ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಛತ್ರಿ ಕೆಳಗೆ ಇಳಿಸಿ ಮುಖ ಮುಚ್ಚಿಕೊಂಡ.

"ಒದರಪ್ಪ," ಅಂದ. "ಆದ್ರ ಯಾರದು ಅಂತ ಕೇಳಿದ್ರ ನನ್ನ ಹೆಸರು ಹೇಳಬ್ಯಾಡ."